ಕತ್ತಾಳಿ ಹೆಂಗೈತಿ?

ಅಣ್ಣಪ್ಪನ ಹಿತ್ತಲಿನ ಕತ್ತಾಳೆ ಆ ವರ್ಷ ಕಂಬ ಬಿಟ್ಟಿತು. ಅಷ್ಟು ದಿನ ನೆಲಕ್ಕಂಟಿಕೊಂಡು, ಮೊನಚು ಎಲೆಗಳನ್ನು ಸುತ್ತಲೂ ಚಾಚಿ, ಯಾರ ಗೊಡವೆಗೂ ಹೋಗದೆ ಕುಳಿತಿದ್ದ ಗಿಡ ಅದು. ಒಂದು ಬೆಳಿಗ್ಗೆ ನಟ್ಟನಡುವಿನಿಂದ ಹಸಿರು ಮೊಳೆಯೊಂದು ಎದ್ದಿತು. ಮಳೆಗಾಲ ಮುಗಿಯುವಷ್ಟರಲ್ಲಿ ಹೆಂಚಿನ ಮಾಡನ್ನೂ ದಾಟಿ ಮೇಲೆ ಹೋಯಿತು. ರಾಕೆಟ್ ಕೇಂದ್ರವಿರುವ ತುಂಬ ಎಂಬ ಆ ಕಡಲೂರಿನಲ್ಲಿ ಮೇಲಕ್ಕೆ ಹೋಗುವುದೆಲ್ಲ ರಾಕೆಟ್ಟೇ. ಅಣ್ಣಪ್ಪ ಸಾರ್ ಕೂಡ ಒಂದು ಹಾರಿಸುತ್ತಾರಂತೆ ಎಂದು ಬೀದಿಯ ಮೀನು ಮಾರುವ ಹೆಂಗಸರು ಮಲಯಾಳದಲ್ಲಿ ಹೇಳಿಕೊಂಡು ನಕ್ಕರು. ಅಣ್ಣಪ್ಪನೂ ನಕ್ಕ. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ನಗು ನಿಂತಿತು. ಕತ್ತಾಳೆ ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಬಿಟ್ಟ ಮೇಲೆ ಒಣಗಿ ಸಾಯುತ್ತದೆ. ಕುಷ್ಟಗಿ ಕಡೆಯ ಹೊಲದ ಬದುವಿನಲ್ಲಿ ಆಡಿದ ಯಾವ ಮಗುವಿಗಾದರೂ ಇದು ಗೊತ್ತು. ಇಲ್ಲಿ ಯಾರಿಗೆ ಹೇಳುವುದು?

ಪಕ್ಕದ ನಗರದ ಪಟ್ಟಂ ಬಡಾವಣೆಯ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ ವರ್ಗವಾಗಿ ಬಂದವನು ಅವನು. ಎರಡು ಮೂರು ವರ್ಷ ಕಳೆದರೆ ವಾಪಸ್ಸು ಅಂದುಕೊಂಡಿದ್ದ. ಸರ್ಕಾರ ಮರೆಯಿತು, ಇವನೂ ನೆನಪಿಸಲಿಲ್ಲ. ಒಮ್ಮೆ ಊರಿಗೆ ಹೋದಾಗ ಬೇಲಿಯ ಕತ್ತಾಳೆಯ ಮರಿಯೊಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಹಿತ್ತಲಿನ ಮರಳಿನಲ್ಲಿ ಊರಿದ. ಹೆಂಡತಿ ಸುಮಿತ್ರ ಸೊಂಟಕ್ಕೆ ಕೈ ಕೊಟ್ಟು ನಿಂತು, "ಗುಲಾಬಿ ತರ್ರಿ ಅಂದ್ರ ಬೇಲಿ ಹೊತ್ಕೊಂಡ್ ಬಂದೀರಲ್ರಿ!" ಎಂದು ಬೈದಿದ್ದಳು. ಬೈದರೂ ಹಗ್ಗ ಹೊಸೆಯುವಾಗ ಇನ್ನೊಂದು ತುದಿ ಹಿಡಿದವಳು ಅವಳೇ.

ಕೆಳಗಿನ ಬಲಿತ ಎಲೆಗಳನ್ನು ಕೊಯ್ಯುವುದು, ತುದಿಯ ಮುಳ್ಳು ಹಾರಿಸಿ ಕೊಡತಿಯಿಂದ ಜಜ್ಜುವುದು, ನೀರಿನಲ್ಲಿ ಕೊಳೆ ಹಾಕುವುದು. ಆ ನಾತಕ್ಕೆ ಮೀನಿನ ಬೀದಿಯವರೇ ಮೂಗು ಮುಚ್ಚಿಕೊಂಡರೆಂದರೆ ಊಹಿಸಿ. ಆಮೇಲೆ ತಿರುಳು ಕೆರೆದು, ತೊಳೆದು, ಬಿಸಿಲಿಗೆ ಹರವಿದರೆ ಅಜ್ಜಿಯ ತಲೆಗೂದಲಿನಂಥ ಬಿಳಿ ನಾರು. ಕಾರಹುಣ್ಣಿಮೆಗೆ ಅವನಪ್ಪ ಎತ್ತುಗಳಿಗೆ ಹೊಸ ಹಗ್ಗ ಹೊಸೆಯುತ್ತಿದ್ದದ್ದು ಈ ನಾರಿನಿಂದಲೇ. ತುಂಬದಲ್ಲಿ ಎತ್ತೆಲ್ಲಿ ಬರಬೇಕು? ತೆಂಗಿನ ನಾರಿನ ಹಗ್ಗ ಮೂಲೆ ಅಂಗಡಿಯಲ್ಲೂ ಸಿಗುವ ಊರಿನಲ್ಲಿ ಗಂಡ ಹೆಂಡತಿ ಹಿತ್ತಲಿನ ಎರಡು ತುದಿಯಲ್ಲಿ ನಿಂತು ಹುರಿ ಹಾಕುತ್ತಿದ್ದರು. ಬಟ್ಟೆ ಒಣಹಾಕುವ ಹಗ್ಗ, ಬಾವಿಯ ಹಗ್ಗ, ಯಾತಕ್ಕೂ ಬೇಡವಾದ ಇನ್ನೊಂದು ಹಗ್ಗ. ಸುಮಿತ್ರ ಜ್ವರ ಬಂದು ಹೋಗಿಬಿಟ್ಟ ಮೇಲೆ ಅವನು ಆ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟತೊಡಗಿದ. ಕಿಟಕಿ ಕೈನೋವೆಂದು ಗೊಣಗುವುದಿಲ್ಲ. ಆ ಗೊಣಗು ಕೇಳದೆ ಅವನಿಗೆ ಹಗ್ಗ ಹೊಸೆಯುವುದೇ ಬೇಸರವಾಗಿತ್ತು.

ಉಳಿದವಳು ಮಗಳು ಮಹತಿ. ಇಲ್ಲೇ ಓದಿ ಬೆಳೆದವಳು. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವಳು. ತಾನಾಗಿ ಕನ್ನಡ ಆಡಿದರೂ ಕೊನೆಗೆ 'ಅಲ್ಲವೇ' ಎನ್ನಲು ಮಲಯಾಳದ 'ಅಲ್ಲೇ?' ಅಂಟಿಸದೆ ಅವಳ ಪ್ರಶ್ನೆ ಮುಗಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗಿಂದ ಪುಸ್ತಕದಲ್ಲಿ ಮುಳುಗಿದ್ದ ಅವಳು ಹಿತ್ತಲಿಗೆ ಕಾಲಿಟ್ಟದ್ದು ಕಡಿಮೆ. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ ಸಿಕ್ಕಿ ಹೊರಟಾಗ ಅಣ್ಣಪ್ಪ ಕುಂಡದಲ್ಲಿ ಒಂದು ಮರಿ ನೆಟ್ಟು ಕೈಗೆ ಕೊಟ್ಟ. "ಕತ್ತಾಳಿ ಐತಿ. ಜ್ವಾಪಾನ ಮಾಡವಾ" ಎಂದ.

ಅಂದಿನಿಂದ ಭಾನುವಾರದ ಫೋನು ಹೀಗೆ. ಊಟ ಆಯ್ತಾ, ಆಯ್ತು. ಆರಾಮಾ, ಆರಾಮು. ಆಫೀಸು, ಪರವಾಗಿಲ್ಲ. ಅಲ್ಲಿಗೆ ಮಾತಿನ ಗಂಟು ಖಾಲಿ. ಆಗ ಅವನು ಕೇಳುವನು: "ಕತ್ತಾಳಿ ಹೆಂಗೈತಿ?" ಅಷ್ಟು ಸಾಕು, ಅವಳ ದನಿ ಅರಳುತ್ತಿತ್ತು. "ಸೂಪರ್ ಅಪ್ಪಾ! ಹೊಸ ಎಲಿ ಬಂತು." ಒಮ್ಮೆ, "ಇವತ್ತ ಒಂದ್ ಎಲಿ ಕಟ್ ಮಾಡ್ದೆ ಅಪ್ಪಾ, ಭಾಳ ಯೂಸ್ ಆಗ್ತದ" ಎಂದಳು. ಮಗಳು ನಾರು ತೆಗೆಯುತ್ತಿದ್ದಾಳೆ! ಮಾರನೆಯ ದಿನ ಕಚೇರಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿಕೊಂಡು ತಿರುಗಿದ. ತಮ್ಮಿಬ್ಬರ ನಡುವೆ ಉಳಿದಿರುವುದು ಅದೊಂದೇ ಮಾತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೂ ತೀರಿಹೋದರೆ ಫೋನು ಹಿಡಿದು ಉಸಿರು ಕೇಳುತ್ತ ಕೂರಬೇಕು.

ಹಾಗಾಗಿ ಕಂಬ ಎದ್ದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ತಾಯಿಗಿಡ ಹೊರಟು ನಿಂತಿದೆ, ಮಗಳ ಹತ್ತಿರದ್ದು ಎಷ್ಟಾಗಿದೆಯೋ ಕಣ್ಣಾರೆ ನೋಡಬೇಕು ಎಂದು ಕೊಚ್ಚಿಯ ಪಕ್ಕದಲ್ಲಿ ಅವಳು ಮನೆ ಮಾಡಿದ್ದ ಆಲುವದ ರೈಲು ಹತ್ತಿದ.

ಸ್ಟೇಷನ್ನಿನ ಹತ್ತಿರವೇ ಮಹತಿಯ ಫ್ಲಾಟು. ಜೊತೆಯಲ್ಲಿ ಮಂಗಳೂರಿನ ಜುಬೈದಾ ಎಂಬ ಹುಡುಗಿ ಇದ್ದಳು, ಅವಳೇ ಬಾಗಿಲು ತೆರೆದು ಚಹಾ ಇಡಲು ಒಳಗೆ ಹೋದಳು. ಮಹತಿ ಓಡಿಬಂದು ಅಪ್ಪನ ಕೈ ಹಿಡಿದಳು. ಅಣ್ಣಪ್ಪ ಚಪ್ಪಲಿ ಬಿಟ್ಟವನೇ ನೇರ ಬಾಲ್ಕನಿಗೆ ನಡೆದ.

ಕುಂಡ ಅವನು ಕೊಟ್ಟದ್ದೇ. ಅದರಲ್ಲಿದ್ದದ್ದು ಲೋಳೆಸರ.

ಮಿದುವಾದ, ದಪ್ಪ ದಪ್ಪ ಎಲೆ. ಒತ್ತಿದರೆ ಒಳಗೆ ಬರೀ ಲೋಳೆ. ಅಣ್ಣಪ್ಪ ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ನೋಡಿದ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ನೋಡಿದ. ಬೇರೆ ಕುಂಡ ಇರಲಿಲ್ಲ.

"ಎಲ್ಲಿ ನೋಡ್ತೀರಿ ಅಪ್ಪಾ? ಇಲ್ಲೇ ಅದಲ್ಲ ಕತ್ತಾಳಿ!" ಎಂದಳು ಮಹತಿ. ಆಮೇಲೆ ತುಸು ತಪ್ಪಿತಸ್ಥಳಂತೆ ದನಿ ತಗ್ಗಿಸಿದಳು. "ನೀವು ಕೊಟ್ಟಿದ್ದು ಮೊದಲ್ನೇ ಮಳ್ಯಾಗೇ ಕೊಳತ್ ಹೋತು. ಹೇಳಿದ್ರ ಬ್ಯಾಸರ ಮಾಡ್ಕೋತೀರಿ ಅಂತ ಹೇಳಲಿಲ್ಲ. ಮನಿ ಕೆಲಸಕ್ಕ ಬರೋ ಚೇಚಿಗೆ ಕತ್ತಾಳಿ ಬೇಕು ಅಂದೆ. ಅವರ ಮನ್ಯಾಗ ಕಟ್ಟಾಳ ಇತ್ತು, ತಂದು ಕೊಟ್ರು. ಸೇಮ್, ಅಲ್ಲೇ? ನಿಮ್ಮದು ನೆಲದಾಗ ಅದ, ಅದಕ್ಕ ದೊಡ್ಡದು. ಇದು ಕುಂಡ್ಯಾಗ ಅದ. ತಲಿಗೆ ಹಚ್ಕೋತೀನಿ ಅಪ್ಪಾ, ನೋಡ್ರಿ ಕೂದ್ಲ!"

ಜಡೆ ಮುಂದಕ್ಕೆ ಹಾಕಿ ತೋರಿಸಿದಳು. ಕೂದಲು ನಿಜವಾಗಿಯೂ ಚೆನ್ನಾಗಿತ್ತು.

ಮಲಯಾಳದವರಿಗೆ ಕಟ್ಟಾಳ ಎಂದರೆ ಲೋಳೆಸರವೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಅಲ್ಲಿ ಎಳೆದಾಟವಾದರೂ ಉಂಟು. ಇಲ್ಲಿ ಅಪ್ಪ ಒಂದು ಗಿಡವನ್ನು ಕೇಳುತ್ತ, ಮಗಳು ಇನ್ನೊಂದನ್ನು ಹೇಳುತ್ತ, ಇಬ್ಬರೂ ಸಂತೋಷವಾಗಿ ಇಷ್ಟು ವರ್ಷ ಕಳೆದಿದ್ದರು. ಕತ್ತಾಳೆಯ ರಸ ಮೈಗೆ ತಾಗಿದರೆ ಉರಿ, ತುರಿಕೆ. ಆ ಮರಿ ಬದುಕಿದ್ದು, ಇವಳು ಅದನ್ನೇ ಕೊಯ್ದು ತಲೆಗೆ ಹಚ್ಚಿಕೊಂಡಿದ್ದರೆ? ಅಣ್ಣಪ್ಪನಿಗೆ ಅದು ಸತ್ತದ್ದೇ ಒಳ್ಳೆಯದಾಯಿತು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ದುಃಖವೂ ಆಯಿತು.

ಅಷ್ಟರಲ್ಲಿ ಚಹಾ ತಂದ ಜುಬೈದಾ ಬಾಗಿಲಲ್ಲೇ ನಿಂತಳು. "ಅದು ಲೋಳೆಸರ ಅಲ್ವಾ ಅಂಕಲ್? ಕತ್ತಾಳೆ ಅಂದ್ರೆ ಬೇಲಿಗೆಲ್ಲ ಹಾಕ್ತಾರಲ್ಲ, ಮುಳ್ಳು ಮುಳ್ಳು..."

ಮಹತಿಯ ಕೈ ಜಡೆಯ ಮೇಲೆ ಹಾಗೇ ನಿಂತಿತು. "ಅಪ್ಪಾ? ಇದು ಕತ್ತಾಳಿ, ಅಲ್ಲೇ?"

ತಪ್ಪಾಯಿತೇನೋ ಎನ್ನುವಾಗ ಕೆಳತುಟಿ ಒಳಗೆಳೆದುಕೊಳ್ಳುವುದು ಸುಮಿತ್ರಳ ಅಭ್ಯಾಸ. ಮಗಳ ಮುಖದಲ್ಲಿ ಅದೇ ಕಂಡಿತು. ಅವಳಿಗೆ ಸುಮ್ಮನೆ ಹೇಳಿಬಿಡಬಹುದಿತ್ತು. ಹೇಳಿದರೆ ನಾಲ್ಕು ಸಲ 'ಸಾರಿ' ಎನ್ನುವಳು. ಆಮೇಲೆ ಬರುವ ಭಾನುವಾರ ಅವನು ಏನು ಕೇಳಬೇಕು?

"ನಮ್ಮ ಮನ್ಯಾಗ ಇದಕ್ಕ ಕತ್ತಾಳಿ ಅಂತೀವಿ" ಎಂದ ಅಣ್ಣಪ್ಪ.

ಜುಬೈದಾ ಅವನ ಮುಖ ನೋಡಿದಳು. ಜಾಣೆ. "ಹೌದೌದು, ಒಂದೊಂದು ಊರಲ್ಲಿ ಒಂದೊಂದು ಹೆಸರು" ಎಂದು ಚಹಾದ ಲೋಟ ಅವನ ಕೈಗಿತ್ತಳು.

ಹೊರಡುವಾಗ ಮಹತಿ ತಾನೇ ಕೇಳಿದಳು, "ನಿಮ್ಮ ಕತ್ತಾಳಿ ಹೂ ಬಿಟ್ಟದ ಅಂದ್ರಲ್ಲ?"

"ಬಿಡಾಕತ್ತೈತಿ. ಹೂ ಬಿಟ್ರ ಅದರ ಕತಿ ಮುಗೀತವಾ."

"ಅಯ್ಯೋ ಪಾವಂ!" ಎಂದು ಮರುಗಿದಳು. ಕುಂಡದ ಬದಿಯಲ್ಲಿ ಎದ್ದಿದ್ದ ಪುಟ್ಟ ಮರಿಯೊಂದನ್ನು ಮಣ್ಣು ಸಮೇತ ಕಿತ್ತು, ಹಾಲಿನ ಕವರಿಗೆ ಹಾಕಿ ಕೊಟ್ಟಳು. "ಇದು ಹಚ್ರಿ ಅಪ್ಪಾ. ಜ್ವಾಪಾನ ಮಾಡ್ರಿ."

ತಾನು ಅಂದದ್ದೇ ತನಗೆ ವಾಪಸ್ಸು ಬಂದಿತ್ತು. ರೈಲಿನುದ್ದಕ್ಕೂ ಅಣ್ಣಪ್ಪ ಆ ಕವರನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದ. ಎದುರಿನವರು ಮಲಯಾಳದಲ್ಲಿ ಏನೋ ಕೇಳಿದರು, ಕಟ್ಟಾಳ ಎಂದ. ಸರಿಯಾಗಿ ಅರ್ಥವಾಯಿತು ಅವರಿಗೆ. ಲೋಕದಲ್ಲಿ ಯಾರಿಗೂ ತೊಂದರೆಯಿಲ್ಲ, ತನಗೊಬ್ಬನಿಗೇ ಎಂದುಕೊಂಡು ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡ.

ಬೇಸಿಗೆ ಬರುವಷ್ಟರಲ್ಲಿ ಕಂಬದ ಹೂವೆಲ್ಲ ಉದುರಿ, ಉದುರಿದ ಜಾಗದಲ್ಲಿ ಪುಟಾಣಿ ಮರಿಗಳು ಮೂಡಿದವು. ಕಡಲ ಗಾಳಿ ಬೀಸಿದಾಗಲೆಲ್ಲ ಅವು ಮರಳಿಗೆ ಉದುರುತ್ತಿದ್ದವು, ಬಿದ್ದಲ್ಲೇ ಬೇರು ಬಿಡುತ್ತಿದ್ದವು. ಹಿತ್ತಲು ತುಂಬ ಮರಿಗಳು, ಒಂದನ್ನು ತಗೋ ಎಂದು ಕೊಡಲು ಯಾರೂ ಇಲ್ಲ. ತಾಯಿಗಿಡದ ಎಲೆಗಳು ಹಳದಿಗೆ ತಿರುಗಿ ಜೋತುಬಿದ್ದವು. ಇನ್ನೂ ಹಸಿರಿದ್ದ ನಾಲ್ಕು ಎಲೆ ಕೊಯ್ದು ಅಣ್ಣಪ್ಪ ಕೊನೆಯ ಸಲ ನಾರು ತೆಗೆದ.

ಭಾನುವಾರ ಕಿಟಕಿಯ ಸರಳಿಗೆ ಒಂದು ತುದಿ ಕಟ್ಟಿ ಹುರಿ ಹಾಕುತ್ತಿದ್ದಾಗ ಫೋನು ಬಂತು. ಹಗ್ಗ ಬಿಟ್ಟರೆ ಹುರಿಯೆಲ್ಲ ಬಿಚ್ಚಿಹೋಗುತ್ತದೆ. ಹಿಡಿದುಕೊಳ್ಳಲು ಇನ್ನೊಬ್ಬರಿಲ್ಲ. ಬಿಟ್ಟ.

ಊಟ ಆಗಿತ್ತು. ಇಬ್ಬರೂ ಆರಾಮಿದ್ದರು. ಆಫೀಸು ಪರವಾಗಿರಲಿಲ್ಲ. ಎಂದಿನಂತೆ ಮಾತು ನಿಂತಿತು. ಅವನು ಬಾಯಿ ತೆರೆಯುವ ಮೊದಲೇ ಈ ಸಲ ಅವಳೇ ಕೇಳಿದಳು.

"ಅಪ್ಪಾ, ಕತ್ತಾಳಿ ಹೆಂಗೈತಿ?"

ಅಣ್ಣಪ್ಪ ಸೊರಗಿ ನಿಂತಿದ್ದ ದೊಡ್ಡ ಗಿಡವನ್ನು ನೋಡಿದ. ಅದರ ಬುಡದಲ್ಲಿ, ನೆರಳಿನಲ್ಲಿ, ಆಲುವದಿಂದ ಬಂದ ಲೋಳೆಸರ ಎರಡು ಹೊಸ ಎಲೆ ಬಿಟ್ಟಿತ್ತು.

"ಚೊಲೋ ಐತವಾ" ಎಂದ. "ಬೇರು ಹಿಡದೈತಿ."

ಫೋನು ಇಟ್ಟ ಮೇಲೆ ನೆಲದ ಮೇಲೆ ಬಿಚ್ಚಿ ಬಿದ್ದಿದ್ದ ನಾರನ್ನು ಒಟ್ಟುಮಾಡಿ, ಕಿಟಕಿಯ ಕಡೆಯ ಗಂಟು ಸಡಿಲವಾಗಿಲ್ಲ ತಾನೇ ಎಂದು ಜಗ್ಗಿ ನೋಡಿ, ಮತ್ತೆ ಮೊದಲಿನಿಂದ ಹೊಸೆಯತೊಡಗಿದ.