ಬಲದಿಂದ ನಲವತ್ತೊಂದನೆಯ ಹಾಳೆ

ಹಲೋ ಹಲೋ ಒಂದು ಎರಡು ಮೂರು, ಈ ಮೈಕಿನವನಿಗೆ ಮೂರರಾಚೆ ಎಣಿಕೆಯೇ ಬರುವುದಿಲ್ಲವೇನೋ, ಮತ್ತೆ ಒಂದು ಎರಡು ಮೂರು, ಸಾಕು ಬಿಡಪ್ಪ, ಅವಳೂ ಮೂರೇ ಸಲ ಹೇಳಿದ್ದು — ಮುನ್ನೂರು ವರ್ಷದ ಹಿಂದೆ, ಖಾಜಿಯ ನ್ಯಾಯಾಲಯದಲ್ಲಿ, ಪರದೆಯ ಆಚೆ ನಿಂತು, ಚಿಕ್ಕವಳಿದ್ದಾಗ ಚಿಕ್ಕಪ್ಪ ಮಾಡಿಸಿದ ನಿಕಾಹ್ ನನಗೆ ಒಪ್ಪಿಗೆಯಿಲ್ಲ ಎಂದು, ಖಾಜಿ ಮೂರು ಸಲ ಕೇಳಿದ, ಮೂರು ಸಲವೂ ಅದೇ ಉತ್ತರ, ಒಪ್ಪಿಲ್ಲ, ಒಪ್ಪಿಲ್ಲ, ಒಪ್ಪಿಲ್ಲ, ಬರೆದುಕೊಂಡ ಹಾಳೆಯಲ್ಲಿ ಮೂರನೆಯದರ ಮೇಲೆ ಗುಮಾಸ್ತನ ಲೇಖನಿಯಿಂದ ಒಂದು ಹನಿ ಮಸಿ ಬಿದ್ದಿದೆ, ಕಡಲೆಕಾಳಿನಷ್ಟು, ಖಾಜಿ ಅವಳನ್ನು ಬಿಡುಗಡೆ ಮಾಡಿದ, ಅದೇ ಧರ್ಮದ ಅದೇ ಕಾನೂನಿನ ಪ್ರಕಾರ — ವೇದಿಕೆಯ ಈ ಕುರ್ಚಿ ಇಷ್ಟು ಮೆತ್ತಗಿರಬಾರದಿತ್ತು, ಪತ್ರಾಗಾರದ ಮರದ ಬೆಂಚಿಗೆ ಒಗ್ಗಿಹೋದ ಸೊಂಟ ನನ್ನದು, ಎದುರು ಸಾಲಿನಲ್ಲಿ ಅಮ್ಮ ಸೆರಗಿನಿಂದ ಕನ್ನಡಕ ಒರೆಸುತ್ತಿದ್ದಾಳೆ, ಎಂಬತ್ತೊಂದು ವಯಸ್ಸು, ಬೇಡ ಅಂದರೂ ಬಂದಿದ್ದಾಳೆ, ನಿನ್ನನ್ನ ಸುಳ್ಳಿ ಅಂದೋರ ಮುಖ ನೋಡ್ಬೇಕು ಕಣೆ ನಾನು, ಆ ಮುಖ ಈಗ ನನ್ನ ಪಕ್ಕದಲ್ಲೇ ಕೂತು ನೀರು ಕುಡಿಯುತ್ತಿದೆ, ನಾವು ವಿದ್ಯಾರ್ಥಿಗಳೆಲ್ಲ ಅಡಿಟಿಪ್ಪಣಿ ಮೇಷ್ಟ್ರು ಎಂದು ಕರೆಯುತ್ತಿದ್ದ ಮುಖ, ಮೂರನೆಯ ಲೋಟ.

ಅಮ್ಮನೇ ನನಗೆ ಖಾಜಿಯ ಕಡತಗಳ ಆ ಲಿಪಿ ಕಲಿಸಿದ್ದು, ಅಡುಗೆಮನೆಯ ನೆಲದ ಮೇಲೆ, ಸೀಮೆಸುಣ್ಣದಲ್ಲಿ, ಬಲದಿಂದ ಎಡಕ್ಕೆ, ಅದಕ್ಕೇ ಇಪ್ಪತ್ತಾರನೆಯ ವಯಸ್ಸಿನಲ್ಲಿ ಆ ದಪ್ಪ ಕಡತ ಕೈಗೆ ಬಂದಾಗ ನಾನು ಬಲದಿಂದಲೇ ಹಾಳೆ ಎಣಿಸಿದೆ, ಸಂಖ್ಯೆಯೇ ಇರಲಿಲ್ಲ ಅದಕ್ಕೆ, ನಲವತ್ತೊಂದನೆಯ ಹಾಳೆ ಎಂದು ಬರೆದುಕೊಂಡೆ, ಯಾವ ಕಡೆಯಿಂದ ಎಂದು ಬರೆಯಲಿಲ್ಲ, ಊಟ ಮಾಡಿದೆ ಎನ್ನುವವರು ಬಾಯಿಂದ ಎಂದು ಸೇರಿಸುತ್ತಾರೆಯೇ, ಫೋಟೋ ತೆಗೆಯಲು ಬಿಡುತ್ತಿರಲಿಲ್ಲ, ಪೆನ್ಸಿಲ್ ಮಾತ್ರ, ಕಾವಲಿನವನು ಬಾಗಿಲು ಹಾಕೋ ಹೊತ್ತಾಯ್ತಮ್ಮ ಎನ್ನುತ್ತಿದ್ದಾನೆ, ಅವಸರದಲ್ಲಿ ನಾನು ಒಪ್ಪಿಲ್ಲ ಎಂದು ಒಂದೇ ಸಲ ಬರೆದು ಮುಂದೆ ಮೂರು ಬಾರಿ ಎಂದು ಹಾಕಿದೆ, ಮನೆಗೆ ಓಡಿ ಬಂದು ಹೇಳಿದರೆ ಅಮ್ಮ ಕೇಳಿದ್ದೇ ಬೇರೆ, ಮೆಲ್ಲಗೆ ಹೇಳಿದ್ಲಾ, ಜೋರಾಗಿ ಹೇಳಿದ್ಲಾ, ಅಯ್ಯೋ ಅಮ್ಮ ಅದೆಲ್ಲ ಕಾಗದದಲ್ಲಿ ಇರಲ್ಲ, ಹೌದಾ, ನಾನು ಮೆಲ್ಲಗೆ ಹೇಳಿದ್ದೆ, ನನ್ನ ಮದುವೆ ದಿನ, ಬಾಗಿಲ ಹಿಂದೆ ನಿಂತು ಬೇಡ ಅಂದೆ, ಯಾರಿಗೂ ಕೇಳಿಸ್ಲಿಲ್ಲ, ಕೇಳಿಸಿದ್ರೆ ನೀನೆಲ್ಲಿರ್ತಿದ್ದೆ ಎಂದು ನಕ್ಕಳು, ನಾನೂ ನಕ್ಕೆ. ಅವಳ ಕಥೆಯಿದ್ದ ನನ್ನ ಮೊದಲ ಪುಸ್ತಕ ಬಂತು, ಅಷ್ಟರಲ್ಲಿ ನನಗೆ ತಿಳಿಯದೆ ಕಡತವನ್ನು ದುರಸ್ತಿಗೆ ಕೊಟ್ಟು ಹೊಸ ರಟ್ಟು ಹಾಕಿಸಿ ಯಾವನೋ ಪುಣ್ಯಾತ್ಮ ಎಡಗಡೆಯಿಂದ ಸಂಖ್ಯೆಯ ಮೊಹರು ಒತ್ತಿದ್ದ, ಕೊನೆಯ ಹಾಳೆ ಒಂದನೆಯದಾಯಿತು, ಮೇಷ್ಟ್ರು ಪತ್ರಾಗಾರಕ್ಕೆ ಕಾಗದ ಬರೆದರು, ನಲವತ್ತೊಂದರಲ್ಲಿ ಬಾವಿಯ ಜಗಳವೊಂದು ಇದೆ ಎಂದು ಉತ್ತರ ಬಂತು, ಲೇಖಕಿಯ ಕಲ್ಪನಾಶಕ್ತಿ ಮೆಚ್ಚತಕ್ಕದ್ದು ಎಂದು ಅಚ್ಚು ಹಾಕಿಸಿದರು, ಅಷ್ಟೇ, ನನ್ನ ಕೆಲಸ ಹೋಯಿತು, ಧರ್ಮದ ಮರ್ಯಾದೆ ತೆಗೆದಳು ಎಂದು ಒಂದು ಕಡೆಯವರು, ಧರ್ಮಕ್ಕೆ ಬಣ್ಣ ಹಚ್ಚಿದಳು ಎಂದು ಇನ್ನೊಂದು ಕಡೆಯವರು, ಜನ್ಮದಲ್ಲಿ ಒಂದಾಗದವರು ನನ್ನನ್ನು ಬೈಯುವುದರಲ್ಲಿ ಒಂದಾದರು, ಕಡತ ತೋರಿಸಿ ಎಂದರೆ ಪತ್ರಾಗಾರದವರು ಹಾಳೆ ಪುಡಿಯಾಗುತ್ತೆ ಮೇಡಂ, ದುರಸ್ತಿಯಲ್ಲಿದೆ ಮೇಡಂ, ಇಪ್ಪತ್ತೆರಡು ವರ್ಷ ದುರಸ್ತಿ, ಅಷ್ಟರಲ್ಲಿ ನಾನು ಸಂಜೆ ಕಾಲೇಜಿನಲ್ಲಿ ಪಾಠ ಮಾಡುತ್ತ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇನ್ನೂ ನಾಲ್ಕು ಪುಸ್ತಕ ಬರೆದೆ, ಬೇರೆ ಊರುಗಳ ಕಡತಗಳಿಂದ, ಪ್ರತಿ ಹಾಳೆಗೂ ಇಬ್ಬರು ಸಾಕ್ಷಿ ಇಟ್ಟುಕೊಂಡು, ಆದರೂ ರಾತ್ರಿ ಮಲಗಿದರೆ ಅದೇ ಮಸಿಯ ಹನಿ, ಇತ್ತಾ, ನಿಜವಾಗಿ ಇತ್ತಾ, ನಾನೇ ಕಟ್ಟಿದೆನಾ.

ಬೈಂಡಿಂಗ್ ತಾತನ ಫೋನು ಬಂದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ, ಪತ್ರಾಗಾರದಲ್ಲಿ ನಲವತ್ತು ವರ್ಷದಿಂದ ಹಾಳೆ ಹೊಲಿಯುವ ತಾತ, ಅಮ್ಮಾ ನಿಮ್ಮ ಕಡತ ಹೊಲಿಗೆ ಬಿಟ್ಟು ಮತ್ತೆ ನನ್ನ ಹತ್ರಾನೇ ಬಂದಿದೆ, ನಂಗೆ ಓದೋಕೆ ಬರಲ್ಲ, ಆದ್ರೆ ಬೆರಳಿನ ಕೊಳೆ ನೋಡ್ತೀನಿ, ಯಾವ ಪುಸ್ತಕಾನೂ ಜನ ಮೊದಲ ಹಾಳೇನೇ ಜಾಸ್ತಿ ಮುಟ್ಟೋದು, ಇದ್ರಲ್ಲಿ ಕೊಳೆ ಒಂದು ಕಡೆ, ನಂಬರು ಶುರು ಆಗಿರೋದು ಇನ್ನೊಂದು ಕಡೆ, ನೀವು ಎಲ್ಲಿಂದ ಎಣಿಸಿದ್ರಿ? ಕೈಯಲ್ಲಿದ್ದ ಒದ್ದೆ ಟವೆಲು ಮಣ್ಣಿಗೆ ಬಿತ್ತು, ಎತ್ತಿಕೊಳ್ಳಲೇ ಇಲ್ಲ, ಓದಲು ಬಂದವರಿಗೆಲ್ಲ ಕಾಣದ್ದು ಓದಲು ಬಾರದವನಿಗೆ ಕಂಡಿತಲ್ಲ, ಪತ್ರಾಗಾರದವರು ಬಲದಿಂದ ಎಣಿಸಿದರು, ನಲವತ್ತೊಂದರಲ್ಲಿ ಹಾಳೆ ಸಿಕ್ಕಿತು — ಮೇಷ್ಟ್ರು ಎದ್ದರು, ಮೈಕಿನ ಮುಂದೆ ನಿಂತರು, ಚೀಟಿಯಲ್ಲಿ ಬರೆದುಕೊಂಡಿದ್ದಾರೆ, ನಾನು ತಪ್ಪಿದೆ, ಹಾಳೆ ಇದೆ, ಆಕೆ ಬರೆದದ್ದು ಅಕ್ಷರಶಃ ಸತ್ಯ, ಸಭೆ ಎದ್ದು ನಿಂತಿದೆ, ಚಪ್ಪಾಳೆ, ಕೊನೆಯ ಸಾಲಿನಲ್ಲಿ ಬೈಂಡಿಂಗ್ ತಾತ ಅಂಟಿನ ಕಲೆಯ ಅಂಗಿಯಲ್ಲೇ ಚಪ್ಪಾಳೆ ಹೊಡೆಯುತ್ತಿದ್ದಾರೆ, ಸಿಟ್ಟು ತೀರಿಸಿಕೊಳ್ಳಬೇಕೆಂದು ಇಪ್ಪತ್ತೆರಡು ವರ್ಷ ಕಾಪಿಟ್ಟ ಮಾತು ಒಂದೂ ನೆನಪಾಗುತ್ತಿಲ್ಲ, ಗೆದ್ದೆ ಕಣೇ ಅಮ್ಮ ಗೆದ್ದೆ, ದೀಪ ಆರಿಸಿದರು, ಗೋಡೆಯ ತುಂಬ ಹಾಳೆ ಬಂತು, ಆಳೆತ್ತರ, ಇಷ್ಟು ದೊಡ್ಡದಾಗಿ ನಾನೂ ನೋಡಿರಲಿಲ್ಲ, ನೋಡಿದ್ದೆಲ್ಲ ನನ್ನ ಪೆನ್ಸಿಲಿನ ಮೂರು ಬಾರಿ ಎಂಬುದನ್ನೇ — ತಡಿ, ಮೊದಲ ಒಪ್ಪಿಲ್ಲ ಸಣ್ಣದು, ಸಾಲಿನೊಳಗೆ ಇದೆ, ಎರಡನೆಯದು ಅದಕ್ಕಿಂತ ದೊಡ್ಡದು, ಮೂರನೆಯದು ಸಾಲು ಬಿಟ್ಟು ಅಂಚಿಗೆ ನುಗ್ಗಿದೆ, ಗುಮಾಸ್ತ ಬೆಚ್ಚಿಬಿದ್ದಿದ್ದಾನೆ, ಕೈ ಒತ್ತಿಹೋಗಿದೆ, ಅಮ್ಮಾ, ಜೋರಾಗಿ, ಜೋರಾಗಿ ಹೇಳಿದ್ದಾಳಮ್ಮ, ಕೂಗಿದ್ದಾಳೆ, ಕಾಗದದಲ್ಲಿ ಇದೆ, ಕತ್ತಲಲ್ಲಿ ಅಮ್ಮ ಕನ್ನಡಕ ಹಾಕಿಕೊಂಡಳು, ಬಾಯಿ ತೆರೆದಿದೆ, ಅವಳ ಮುಖದ ಮೇಲೆ ಗೋಡೆಯ ಬೆಳಕು, ನಾನು ಮಾತು ಶುರು ಮಾಡಬೇಕು, ಎಲ್ಲರೂ ಕಾಯುತ್ತಿದ್ದಾರೆ, ಮೂರನೆಯ ಒಪ್ಪಿಲ್ಲ, ಅದರ ಮೇಲೆ ಆ ಹನಿ, ಇಷ್ಟಗಲ, ಕಪ್ಪಗೆ, ಇದೆ, ನಾನು ಕಟ್ಟಿದ್ದಲ್ಲ, ಆ ಹನಿ