ಗ್ಯಾಲರಿ ಅಲುಗಾಡುತ್ತಿದೆ ಎಂದು ಹೇಳುವ ಬಗೆ

೧

ಎಲ್ಲಿಂದ ಶುರು ಮಾಡಲಿ? ಮೊದಲ ಕರಡಿನಲ್ಲಿ ಎಳೆಬಿಸಿಲಿತ್ತು, ಕಾಲೇಜಿನ ಕಾರಿಡಾರ್ ಇತ್ತು, ಅದರ ತುದಿಯಿಂದ ಅವಸರವಾಗಿ ಬರುತ್ತಿದ್ದ ಒಬ್ಬ ಹೆಂಗಸಿನ ಚಪ್ಪಲಿಯ ಸದ್ದಿತ್ತು. ಒಂದೂವರೆ ಪುಟ ಬರೀ ಚಪ್ಪಲಿಯ ಸದ್ದು. ಆ ಹೆಂಗಸೇ ಈ ಕಥೆಯ ನಾಯಕಿ. ಅವಳ ಕೈಗೆ ಆ ಕರಡು ಸಿಕ್ಕಿದ್ದರೆ ಕೆಂಪು ಪೆನ್ನಿನಿಂದ ಉದ್ದಕ್ಕೂ ಗೀಟು ಎಳೆದು, ಅಂಚಿನಲ್ಲಿ 'ಸರಿ, ವಿಷಯ ಏನು?' ಎಂದು ಬರೆದು ವಾಪಸ್ ಕೊಡುತ್ತಿದ್ದಳು. ಹರಿದು ಹಾಕಿದೆ.

ಅವಳ ಪ್ರಕಾರ ಮುಖ್ಯ ಸಂಗತಿ ಮೊದಲು ಬರಬೇಕು. ಆಗಲಿ. ಒಂದು ಇಂಜಿನಿಯರಿಂಗ್ ಕಾಲೇಜಿನ ಸಭಾಂಗಣದಲ್ಲಿ ಒಂದು ಗ್ಯಾಲರಿ ಇತ್ತು. ಅದು ಅಲುಗಾಡುತ್ತಿತ್ತು. ಗೊತ್ತಿದ್ದವರು ಹೇಳಿದ್ದರು. ಯಾರಿಗೂ ಗೊತ್ತಾಗಿರಲಿಲ್ಲ.

(ಕೊನೆಯ ಎರಡು ವಾಕ್ಯಗಳು ಒಂದಕ್ಕೊಂದು ಹೊಂದುವುದಿಲ್ಲ ಎನ್ನುತ್ತೀರಾ? ಅವಳಿಗೂ ಹಾಗೇ ಅನಿಸಿತ್ತು. ಓದುತ್ತ ಹೋಗಿ.)

೨

ಅವಳು ಕಲಿಸುತ್ತಿದ್ದದ್ದು ಟೆಕ್ನಿಕಲ್ ಕಮ್ಯುನಿಕೇಶನ್. ತಾಂತ್ರಿಕ ವಿಷಯವನ್ನು ಅರ್ಥವಾಗುವಂತೆ, ಸುಳ್ಳಾಗದಂತೆ ಹೇಳುವ ವಿದ್ಯೆ. ಟೈಮ್ ಟೇಬಲ್‌ನಲ್ಲಿ ಅದನ್ನು 'ಟಿ.ಸಿ.' ಎಂದು ಚಿಕ್ಕದಾಗಿಸಿದ್ದರಿಂದ ಹುಡುಗರ ಬಾಯಲ್ಲಿ ಅವಳು ಟಿ.ಸಿ. ಮೇಡಂ. "ಟಿ.ಸಿ. ಕೊಡೋಕೆ ಬಂದ್ರು ಕಣೋ" ಎಂದು ಹಿಂದಿನ ಬೆಂಚು ಪಿಸುಗುಡುವುದು ಅವಳಿಗೆ ಕೇಳಿಸುತ್ತಿತ್ತು, ಕೇಳಿಸದಂತೆ ಇರುವುದೂ ಅಭ್ಯಾಸವಾಗಿತ್ತು. ಮಿಕ್ಕ ಮೇಷ್ಟರುಗಳಿಗೆ ಅವಳ ಪೀರಿಯಡ್ ಎಂದರೆ ತಮ್ಮ ಪಾಠ ಮುಗಿಯದಿದ್ದಾಗ ಕೇಳಿ ಪಡೆಯುವ ಕೈಗಡ. (ಕ್ಲಾಸಿನಲ್ಲಿ ಅವಳಿಗೆ ಬಹುವಚನ. ಕಥೆಯಲ್ಲಿ ನಾನು ಅವಳ ಭುಜಕ್ಕೆ ಅಂಟಿಕೊಂಡೇ ನಡೆಯಬೇಕಾದ್ದರಿಂದ ಏಕವಚನ. ಅವಳು ತಪ್ಪು ತಿಳಿಯುವುದಿಲ್ಲ.)

ಆ ದಿನದ ಅಭ್ಯಾಸ ಸರಳವಾಗಿತ್ತು. ಪ್ರತಿಯೊಬ್ಬರೂ ಎದ್ದು ಬಂದು, ತಮ್ಮ ಬ್ರ್ಯಾಂಚ್ ಗೊತ್ತಿಲ್ಲದವರಿಗೂ ತಿಳಿಯುವಂತೆ ಒಂದು ತಾಂತ್ರಿಕ ಸಂಗತಿ ಹೇಳಬೇಕು. ಒಬ್ಬ ಬ್ಯಾಟರಿ ಬಗ್ಗೆ ಹೇಳಿದ. ಒಬ್ಬಳು ಫ್ರಿಜ್ ಬಗ್ಗೆ. ಆಮೇಲೆ ಪಟಾಕಿ ಎದ್ದಳು.

ಪಟಾಕಿ ಟಿ.ಸಿ. ಮೇಡಂ ಅಕ್ಕನ ಮಗಳು. ಸಿವಿಲ್ ಓದುತ್ತಿದ್ದಳು. ಮನೆಯಲ್ಲಿ ಇಟ್ಟ ಅಡ್ಡಹೆಸರು ಕಾಲೇಜಿಗೂ ಅವಳ ಬೆನ್ನು ಹತ್ತಿ ಬಂದಿತ್ತು. ಬಾಯಿ ಬಿಟ್ಟರೆ ತಮಾಷೆ. ಪ್ರಿನ್ಸಿಪಾಲರ ನಡಿಗೆಯಿಂದ ಹಿಡಿದು ಲಿಫ್ಟಿನ ನರಳಾಟದವರೆಗೆ ಏನನ್ನಾದರೂ ಅನುಕರಿಸಿ ತೋರಿಸಬಲ್ಲಳು. ಅವಳು ಮುಂದೆ ಬಂದು ನಿಂತ ಕೂಡಲೇ ಕ್ಲಾಸು ನಗಲು ತಯಾರಾಯಿತು.

"ನಾಳೆ ಆ್ಯನುಯಲ್ ಡೇ. ಯಾರೂ ಗ್ಯಾಲರಿ ಹತ್ತಬೇಡಿ. ಬೀಳಬಹುದು" ಎಂದಳು ಪಟಾಕಿ.

ಕ್ಲಾಸು ಗೊಳ್ಳೆಂದು ನಕ್ಕಿತು.

"ಯಾಕೆ, ನಿನ್ನ ಡ್ಯಾನ್ಸ್ ಇದೆಯಾ?" ಎಂದ ಯಾರೋ.

ಮೇಡಂ ಮೇಜು ತಟ್ಟಿದಳು. "ಕೇಳೋರನ್ನ ಹೆದರಿಸೋದು ಕಮ್ಯುನಿಕೇಶನ್ ಅಲ್ಲ. ಆಧಾರ ಏನು?"

"ಬೆರಳು, ಮೇಡಂ" ಎಂದಳು ಪಟಾಕಿ. ನಗಲಿಲ್ಲ. "ಗ್ಯಾಲರಿ ಗೋಡೆಗೆ ಸೇರೋ ಕಡೆ ಒಂದು ಬಿರುಕಿದೆ. ಹೋದ ಸೆಮಿಸ್ಟರ್ ಅದರೊಳಗೆ ನನ್ನ ಐಡಿ ಕಾರ್ಡಿನ ಅಂಚು ಹೋಗ್ತಿತ್ತು. ಈಗ ಬೆರಳು ಹೋಗುತ್ತೆ. ನಿನ್ನೆ ರಿಹರ್ಸಲ್‌ನಲ್ಲಿ ನಮ್ಮವರು ಕಾಲು ಕುಟ್ಟಿ ಚಿಯರ್ ಮಾಡ್ತಿದ್ರಲ್ಲ, ಆವಾಗ ಬೆರಳು ಇಟ್ಟು ನೋಡ್ದೆ. ಬಿರುಕು ಬಿಟ್ಟು ಬಿಟ್ಟು ಕಚ್ಚುತ್ತೆ."

ತೋರುಬೆರಳು ಎತ್ತಿ ತೋರಿಸಿದಳು. ಉಗುರಿನ ಕೆಳಗೆ ಕೆಂಪಗೆ ಗಾಯವಾಗಿತ್ತು. ಕ್ಲಾಸು ಅದಕ್ಕೂ ನಕ್ಕಿತು. ಪಟಾಕಿಯ ಕೈಬೆರಳನ್ನೂ ನಂಬುವವರಿರಲಿಲ್ಲ.

"ಅಲ್ಲಿ ಯಾಕೆ ಹೋಗಿದ್ದೆ?" ಎಂದಳು ಅವಳು. ಕೇಳಬೇಕಾದ ಪ್ರಶ್ನೆ ಅದಲ್ಲ ಎಂದು ಕೇಳುವಾಗಲೇ ಗೊತ್ತಿತ್ತು.

"ನಿಮ್ಮ ಕ್ಲಾಸ್ ಬಂಕ್ ಮಾಡಿ ಅಲ್ಲೇ ಮಲಗೋದು, ಮೇಡಂ."

೩

ಇಲ್ಲಿ ಎರಡನೆಯ ಕರಡಿನಲ್ಲಿ ನಾನು ಅವಳನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ, ಚಹಾ ಕುಡಿಸಿ, ಯೋಚನೆಗೆ ಹಚ್ಚಿದ್ದೆ. ಅವಳು ಕೂರಲಿಲ್ಲ. ಬೆಲ್ ಆದದ್ದೇ ಸಭಾಂಗಣಕ್ಕೆ ಹೋದಳು. ಮೆಟ್ಟಿಲು ಹತ್ತಿ, ಕೊನೆಯ ಸಾಲಿನ ಕುರ್ಚಿಗಳ ಹಿಂದೆ ಬಗ್ಗಿ ನೋಡಿದಳು. ಹೊಸ ಬಣ್ಣದ ವಾಸನೆ. ಬಣ್ಣದ ನಡುವೆ ಕಪ್ಪು ಗೆರೆ. ಬೆರಳು ಇಟ್ಟಳು.

ಹೋಯಿತು.

ಒಳಗೆ ತಣ್ಣಗಿತ್ತು. ಕೆಳಗೆ ವೇದಿಕೆಯ ಮೇಲೆ ಯಾರೋ ಮೈಕ್ ಪರೀಕ್ಷಿಸುತ್ತ "ಹಲೋ, ಹಲೋ" ಎನ್ನುತ್ತಿದ್ದರು. ಅವಳಿಗೆ ಬೆರಳು ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ, ಒಳಗಿಡಲೂ ಬರಲಿಲ್ಲ. ಆಧಾರ ಏನು ಎಂದು ಕೇಳಿದ್ದಳಲ್ಲ.

ಅಲ್ಲಿಂದ ನೇರ ಭಾವನ ಕೋಣೆಗೆ. ಭಾವ ಎಂದರೆ ಪಟಾಕಿಯ ಅಪ್ಪ, ಸಿವಿಲ್ ವಿಭಾಗದ ಹೆಡ್. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಇಸ್ತ್ರಿ ಮಾಡಿದ ಕರ್ಚೀಫನ್ನೂ ಮತ್ತೊಮ್ಮೆ ಮಡಚಿ ಜೇಬಿಗೆ ಇಡುವ ಮನುಷ್ಯ.

"ಭಾವ, ಗ್ಯಾಲರಿ ಬಿರುಕು ನೋಡಿದೀರಾ?"

"ಮಳೆಗಾಲದಲ್ಲೇ ನೋಡಿದೀನಿ. ರಿಪೋರ್ಟೂ ಕೊಟ್ಟಿದೀನಿ."

"ಏನಂತ?"

ಭಾವನಿಗೆ ತಮ್ಮ ರಿಪೋರ್ಟುಗಳು ಬಾಯಿಪಾಠ. ಕನ್ನಡಕ ತೆಗೆದು, ಪದ್ಯ ಹೇಳುವಂತೆ ಹೇಳಿದರು: "ಗ್ಯಾಲರಿಯ ಆಧಾರ ಭಾಗದಲ್ಲಿ ಕೆಲವು ಬಿರುಕುಗಳು ಗಮನಕ್ಕೆ ಬಂದಿದ್ದು, ಮುಂಬರುವ ದಿನಗಳಲ್ಲಿ ಸೂಕ್ತ ಪರಿಶೀಲನೆಯು ಅಪೇಕ್ಷಣೀಯವಾಗಿರುತ್ತದೆ."

"ಅದರರ್ಥ ಏನು ಭಾವ?"

"ಬೀಳಬಹುದು ಅಂತ."

ಅವಳು ಕುರ್ಚಿ ಹಿಡಿದು ಕೂತಳು. ಭಾವನ ಮುಖದಲ್ಲಿ ಒಂದು ಚೂರೂ ಕಪಟವಿರಲಿಲ್ಲ. ಅವರಿಗೆ ತಾವು ಹೇಳಿಯಾಗಿದೆ ಎಂಬ ಪೂರ್ಣ ನೆಮ್ಮದಿ.

೪

ಪ್ರಿನ್ಸಿಪಾಲರನ್ನು ಖಳನಾಯಕ ಮಾಡಿದ್ದರೆ ನನಗೆ ಕೆಲಸ ಹಗುರವಾಗುತ್ತಿತ್ತು. ಪ್ರಯತ್ನಪಟ್ಟೆ, ಮೀಸೆ ಕೂಡ ಅಂಟಿಸಿದೆ. ಆದರೆ ಅವಳೂ ಭಾವನೂ ಹೋಗಿ ವಿಷಯ ಹೇಳಿದಾಗ ಆ ಮನುಷ್ಯ ನಿಜವಾಗಿಯೂ ಬೆಚ್ಚಿಬಿದ್ದರು. ಕುಡಿಯುತ್ತಿದ್ದ ನೀರು ಮೇಜಿನ ಮೇಲೆ ಚೆಲ್ಲಿತು.

"ಬೀಳುತ್ತೆ ಅಂತ ಎಲ್ಲಿ ಬರೆದಿದ್ರಿ? ಅಪೇಕ್ಷಣೀಯ ಅಂದ್ರಿ. ನಾನು ಬಣ್ಣ ಹೊಡೆಸಿದೆ!"

"ಬಣ್ಣ?" ಎಂದರು ಭಾವ. ಈಗ ಬೆಚ್ಚಿದ್ದು ಅವರು. "ಬಿರುಕಿಗೆ ಬಣ್ಣ ಹೊಡೆಸಿದ್ರಾ ಸರ್?"

"ಬಿರುಕು ಕಾಣಿಸ್ತಿದೆ ಅಂತ ನೀವೇ ತಾನೇ ಬರೆದಿದ್ದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಇಬ್ಬರ ಮುಖವನ್ನೂ ನೋಡಿದಳು. ಒಂದು ಇಡೀ ಮಳೆಗಾಲ, ಒಂದು ಇಡೀ ಚಳಿಗಾಲ, ಆ ಗ್ಯಾಲರಿಯ ಮೇಲೆ ಹುಡುಗ ಹುಡುಗಿಯರು ಕೂತು ಎದ್ದಿದ್ದರು.

ಕಾರ್ಯಕ್ರಮ ರದ್ದು ಮಾಡಿ ಎಂದಳು ಅವಳು. ಅತಿಥಿಗಳು ಹೊರಟಾಗಿದೆ ಎಂದರು ಪ್ರಿನ್ಸಿಪಾಲರು. ಕೊನೆಗೆ ಗ್ಯಾಲರಿಯ ಬಾಗಿಲಿಗೆ ಚಿಲಕ ಹಾಕಿ ನೋಟಿಸ್ ಅಂಟಿಸುವುದೆಂದು ಆಯಿತು. ನೋಟಿಸ್ ಬರೆಯುವ ಕೆಲಸ ಅವಳದು. 'ಗ್ಯಾಲರಿ ಬೀಳಬಹುದು. ಹತ್ತಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು. ಮರುದಿನ ಬೆಳಿಗ್ಗೆ ಬಾಗಿಲ ಮೇಲೆ ನೀಟಾಗಿ ಟೈಪಾಗಿ ಅಂಟಿದ್ದದ್ದು ಇದು:

'ತಾಂತ್ರಿಕ ಕಾರಣಗಳಿಂದಾಗಿ ಗ್ಯಾಲರಿಯ ಬಳಕೆಯನ್ನು ತಾತ್ಕಾಲಿಕವಾಗಿ ನಿರ್ಬಂಧಿಸಲಾಗಿದೆ. ಸಹಕರಿಸಬೇಕಾಗಿ ವಿನಂತಿ.'

"ಪೇರೆಂಟ್ಸ್ ಬರ್ತಾರೆ ಮೇಡಂ. ಬೀಳುತ್ತೆ ಅಂತ ಬರೆಯೋಕಾಗುತ್ತಾ?" ಎಂದರು ಪ್ರಿನ್ಸಿಪಾಲರು. ಹೂಗುಚ್ಛ ಹಿಡಿದು ಗೇಟಿನ ಕಡೆ ಓಡುತ್ತಿದ್ದರು.

೫

ಸಭಾಂಗಣ ತುಂಬಿತು. ಕೆಳಗೆ ಜಾಗ ಸಾಲಲಿಲ್ಲ. ತಾಂತ್ರಿಕ ಕಾರಣ ಎಂದರೆ ಏನೂ ಇಲ್ಲ ಎಂದು ಇಂಜಿನಿಯರಿಂಗ್ ಓದುವವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾರೋ ಚಿಲಕ ಸರಿಸಿದರು. ಅವಳು ಒಳಗೆ ಬರುವ ಹೊತ್ತಿಗೆ ಗ್ಯಾಲರಿ ಇರುವೆ ಮುತ್ತಿದ ಬೆಲ್ಲದಂತಿತ್ತು. ವೇದಿಕೆಯ ಮೇಲೆ ಹಾಡು ಶುರುವಾಗಿತ್ತು. ಮೇಲಿನವರು ತಾಳಕ್ಕೆ ಸರಿಯಾಗಿ ಕಾಲು ಕುಟ್ಟುತ್ತಿದ್ದರು. ಧಮ್, ಧಮ್, ಧಮ್.

ಕೊನೆಯ ಸಾಲಿನ ತುದಿಯಲ್ಲಿ ಪಟಾಕಿ ನಿಂತಿದ್ದಳು. ಅವರನ್ನು ಇಳಿಸಲೆಂದೇ ಹತ್ತಿದ್ದಳು. ಎರಡೂ ಕೈ ಎತ್ತಿ, 'ನಿಲ್ಲಿಸಿ, ನಿಲ್ಲಿಸಿ' ಎಂದು ಬೀಸುತ್ತಿದ್ದಳು. ಹಾಡಿನ ಗದ್ದಲದಲ್ಲಿ ಅವಳ ದನಿ ಯಾರಿಗೂ ಕೇಳಲಿಲ್ಲ. ಕೈ ಮಾತ್ರ ಕಂಡಿತು. ಪಟಾಕಿ ಹುರಿದುಂಬಿಸುತ್ತಿದ್ದಾಳೆ ಎಂದುಕೊಂಡ ಇಡೀ ಗ್ಯಾಲರಿ ಅವಳ ಕೈಯ ತಾಳಕ್ಕೆ ಇನ್ನೂ ಜೋರಾಗಿ ಕುಟ್ಟತೊಡಗಿತು. ಗ್ಯಾಲರಿಯ ಅಡಿಯಿಂದ ಹೊಸ ಬಣ್ಣದ ಒಂದು ಚಕ್ಕೆ ಉದುರಿ, ಕೆಳಗೆ ಕೂತಿದ್ದ ಒಬ್ಬಾಕೆಯ ತಲೆಯ ಮೇಲೆ ಬಿತ್ತು. ಆಕೆ ಕೊಡವಿಕೊಂಡು ಮತ್ತೆ ವೇದಿಕೆ ನೋಡಿದಳು.

ಟಿ.ಸಿ. ಮೇಡಂ ಓಡಿ ವೇದಿಕೆ ಹತ್ತಿ ಹಾಡುತ್ತಿದ್ದವಳ ಕೈಯಿಂದ ಮೈಕ್ ಕಿತ್ತುಕೊಂಡಳು. ಹಾಡು ನಿಂತಿತು. ಕುಟ್ಟುವುದು ನಿಲ್ಲಲಿಲ್ಲ.

ಇಲ್ಲಿ ಅವಳಿಗಾಗಿ ನಾನು ಒಂದು ಭಾಷಣ ಬರೆದಿಟ್ಟಿದ್ದೆ. ಚಿಕ್ಕದು, ಸ್ಪಷ್ಟವಾದದ್ದು, ಅವಳು ಇಷ್ಟು ವರ್ಷ ಕಲಿಸಿದ್ದೆಲ್ಲದರ ಸಾರ. ಓದಿ ಕಣ್ಣೀರು ಬರಬೇಕು, ಹಾಗಿತ್ತು.

"ನಾನು ಹಾಗೆಲ್ಲ ಮಾತಾಡಲಿಲ್ಲ" ಎಂದಳು ಅವಳು ನನಗೆ.

ಮಾತಾಡಬಹುದಿತ್ತಲ್ಲ?

"ಏನಂತ? ಬೀಳುತ್ತೆ ಅಂತ ಕೂಗಿದ್ರೆ ಎಲ್ಲರೂ ಒಟ್ಟಿಗೇ ಆ ಇಕ್ಕಟ್ಟು ಮೆಟ್ಟಿಲಿಗೆ ನುಗ್ತಾರೆ, ಅಲ್ಲೇ ತುಳಿದಾಡ್ಕೊಂಡು ಸಾಯ್ತಾರೆ. ಕೂಗದೇ ಇದ್ರೆ ಕುಟ್ತಾನೇ ಇರ್ತಾರೆ. ನೀವೇ ಹೇಳಿ, ಏನಂತ ಹೇಳಲಿ?"

ನನಗೆ ಹೊಳೆಯಲಿಲ್ಲ. ಅವಳಿಗೂ ಹೊಳೆದಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಆಗ ಮೈಕಿನಲ್ಲಿ ಅವಳದೇ ದನಿ, ಅವಳಿಗೇ ಅಪರಿಚಿತವಾಗಿ, ಹೀಗೆಂದಿತು:

"ದಯವಿಟ್ಟು ಗಮನಿಸಿ. ತಾಂತ್ರಿಕ ಕಾರಣಗಳಿಂದಾಗಿ..."

ಗ್ಯಾಲರಿ 'ಓ' ಎಂದು ಕೂಗಿ ಎರಡರಷ್ಟು ಕುಟ್ಟಿತು. ಅವಳಿಗೆ ತನ್ನ ನಾಲಗೆಯನ್ನೇ ಕಚ್ಚಿಕೊಳ್ಳುವಷ್ಟು ದಿಗಿಲಾಯಿತು. ಬೇರೆ ವಾಕ್ಯವೇ ಬರುತ್ತಿಲ್ಲ.

ಅಷ್ಟರಲ್ಲಿ ಯಾರೋ ಮೆಲ್ಲಗೆ ಅವಳ ಬೆರಳುಗಳನ್ನು ಬಿಡಿಸಿ ಮೈಕ್ ತೆಗೆದುಕೊಂಡರು. ಭಾವ.

"ನಾನು ಸಿವಿಲ್ ಹೆಡ್" ಎಂದರು. "ನೀವು ಕೂತಿರೋ ಗ್ಯಾಲರಿ ಗಟ್ಟಿಯಾಗಿಲ್ಲ. ಕಾಲು ಕುಟ್ಟಿದ್ರೆ ಬೀಳಬಹುದು. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಾಗೋ ಹಾಗೆ ನಾನು ಯಾರಿಗೂ ಹೇಳಲಿಲ್ಲ."

ಒಂದಿಷ್ಟು ನಗು. ಕುಟ್ಟುವುದು ಅಲ್ಲಲ್ಲಿ ನಿಂತಿತು, ಅಲ್ಲಲ್ಲಿ ಮುಂದುವರಿಯಿತು.

"ಕಾಲು ಆಡಿಸಬೇಡಿ. ಓಡಬೇಡಿ. ಬಾಗಿಲ ಹತ್ತಿರದ ಸಾಲು ಮಾತ್ರ ಈಗ ಏಳಿ. ಮಿಕ್ಕವರು ಕೂತೇ ಇರಿ, ನಾನು ಒಂದೊಂದೇ ಸಾಲು ಕರೀತೀನಿ. ಅಡಿಯಲ್ಲಿ ಕೂತಿರೋರು ವೇದಿಕೆ ಕಡೆ ಬನ್ನಿ." ಗ್ಯಾಲರಿಯ ತುದಿಗೆ ಕೈ ತೋರಿದರು. "ಮೇಲೆ ಆ ತುದಿಯಲ್ಲಿ ನಿಂತಿರೋಳು ನನ್ನ ಮಗಳು. ಅವಳು ಎಲ್ಲರೂ ಇಳಿದ ಮೇಲೆ ಇಳೀತಾಳೆ."

ಕುಟ್ಟುವುದು ಪೂರ್ತಿ ನಿಂತಿತು. ಫ್ಯಾನುಗಳ ಸದ್ದು ಕೇಳಿಸಿತು.

ಅವಳು ಭಾವನ ತೋಳು ಹಿಡಿದು ಜಗ್ಗಿದಳು. ಅವರು ತಿರುಗಿ ನೋಡಲಿಲ್ಲ. "ಎರಡನೇ ಸಾಲು" ಎಂದರು. ಎರಡನೇ ಸಾಲು ಎದ್ದಿತು, ತುದಿಗಾಲಿನಲ್ಲಿ, ಮಲಗಿದ ಮಗುವಿನ ಪಕ್ಕದಿಂದ ಎದ್ದುಹೋಗುವವರಂತೆ. ಮೇಲೆ ಪಟಾಕಿ ಕೈ ಇಳಿಬಿಟ್ಟು ನಿಂತಿದ್ದಳು. ಅಷ್ಟು ಹೊತ್ತು ಅವಳು ಸುಮ್ಮನೆ ನಿಂತದ್ದನ್ನು ಚಿಕ್ಕಮ್ಮ ಎಂದೂ ಕಂಡಿರಲಿಲ್ಲ.

ಎಲ್ಲರೂ ಇಳಿದರು. ಕೊನೆಗೆ ಪಟಾಕಿಯೂ ಇಳಿದಳು.

೬

ಈಗ ಮುಕ್ತಾಯ. ಅಥವಾ ಮುಕ್ತಾಯಗಳು.

ಒಂದು: ಪಟಾಕಿ ಕೊನೆಯ ಮೆಟ್ಟಿಲಿನಿಂದ ಕಾಲು ತೆಗೆದ ಕ್ಷಣ ಗ್ಯಾಲರಿ ಧಡಾರನೆ ಕುಸಿಯಿತು. ಬರೆದು ನೋಡಿದೆ. ಬಲು ಸೊಗಸಾಗಿ ಬೀಳುತ್ತದೆ. ಧೂಳಂತೂ ಅದ್ಭುತ.

ಎರಡು: ಹೊರಗಿನ ತಜ್ಞರು ಬಂದು, ಬಿರುಕು ಬರೀ ಗಾರೆಯದು, ಗ್ಯಾಲರಿ ಕಲ್ಲಿನಷ್ಟು ಗಟ್ಟಿ ಎಂದರು. ಎಲ್ಲರೂ ನಕ್ಕರು.

ನಡೆದದ್ದು: ಗ್ಯಾಲರಿ ಬೀಳಲಿಲ್ಲ. ಸಂಜೆಯೂ ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಅಡಿಯಲ್ಲಿ ಕಬ್ಬಿಣದ ಕಂಬಗಳನ್ನು ಕೊಟ್ಟು ನಿಲ್ಲಿಸಿದ್ದಾರೆ. ತಜ್ಞರು ಬರಬೇಕಷ್ಟೆ. ಅತಿಥಿಗಳು ಮುನಿಸಿಕೊಂಡು ಹೋದರು. ಸ್ಟಾಫ್ ರೂಮಿನಲ್ಲಿ "ಅಪ್ಪ, ಮಗಳು, ನಾದಿನಿ ಸೇರಿ ಒಳ್ಳೇ ನಾಟಕ ಆಡಿದ್ರು" ಎಂಬ ಮಾತು ಹರಿದಾಡಿತು. ಪ್ರಿನ್ಸಿಪಾಲರು ಅವಳನ್ನು ಕರೆದು, ಬೈಯಲೂ ಬಾರದೆ ಹೊಗಳಲೂ ಬಾರದೆ, "ಬೀಳಲಿಲ್ಲವಲ್ಲ ಮೇಡಂ" ಎಂದಷ್ಟೇ ಹೇಳಿದರು. ಅದರಲ್ಲಿ ಸಮಾಧಾನವಿತ್ತೋ ದೂರಿತ್ತೋ ಅವಳಿಗೆ ತಿಳಿಯಲಿಲ್ಲ.

(ಓದುಗರೇ, ಒಂದನೆಯ ಮುಕ್ತಾಯ ಓದುವಾಗ ನಿಮಗೆ ಒಳಗೊಳಗೇ ಹಿತವಾಯಿತು, ಹೌದು ತಾನೇ? ನನಗೂ ಆಯಿತು. ಅವಳ ಮಾತು ನಿಜವಾಗಲಿ ಎಂದು ನಾವು ಒಂದು ಗ್ಯಾಲರಿಯನ್ನೇ ಬೀಳಿಸಲು ತಯಾರಾದೆವಲ್ಲ!)

ಮೂರನೆಯ ಮುಕ್ತಾಯ ಅಕ್ಕನ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಶುರುವಾಯಿತು. ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಆ್ಯನುಯಲ್ ಡೇ ದಿನ ಅವಳಿಗೆ ಡ್ಯೂಟಿ ಇತ್ತು, ಸಭಾಂಗಣದಲ್ಲಿ ಇರಲಿಲ್ಲ. ಸುದ್ದಿ ತುಂಡು ತುಂಡಾಗಿ ಕಿವಿಗೆ ಬಿದ್ದಿತ್ತು. ಎಲ್ಲರಿಗೂ ಬಡಿಸಿ, ಸೌಟು ಹಿಡಿದೇ ಕೇಳಿದಳು:

"ಅದು ಬೀಳ್ತಿತ್ತಾ ಇಲ್ವಾ?"

"ಹಾಗೆ ಹೇಳೋದಕ್ಕೆ, ಭಾರ ಎಷ್ಟು, ಒಳಗಿನ ಕಬ್ಬಿಣದ ಸ್ಥಿತಿ..." ಎಂದು ಶುರು ಮಾಡಿದ ಭಾವ ಅಲ್ಲಿಗೇ ನಿಲ್ಲಿಸಿ, "ಗೊತ್ತಿಲ್ಲ ಕಣೇ" ಎಂದರು.

"ಗೊತ್ತಿಲ್ದೇನೇ ಅಷ್ಟು ಜನರನ್ನ ಎಬ್ಬಿಸಿದ್ರಾ?"

"ಗೊತ್ತಿಲ್ಲ ಅನ್ನೋದಕ್ಕೇ ಎಬ್ಬಿಸಿದ್ದು, ಅಕ್ಕ" ಎಂದಳು ಅವಳು.

ಅಕ್ಕ ತಲೆಯಾಡಿಸಿದಳು. ಒಪ್ಪಿದಂತೆ ಕಂಡಳು. ಸಾರಿನ ಪಾತ್ರೆಗೆ ಸೌಟು ಇಳಿಸಿದವಳು ಹಾಗೇ ನಿಂತುಬಿಟ್ಟಳು. ಗಂಡನ ಕಡೆ ತಿರುಗಿದಳು.

"ಬೀಳುತ್ತೋ ಇಲ್ವೋ ಗೊತ್ತಿಲ್ದೇನೇ, ಇವಳಿಗೆ ಕೊನೇಲಿ ಇಳಿ ಅಂತ ನೀವು..."

ಭಾವ ತಟ್ಟೆ ನೋಡುತ್ತಿದ್ದರು. ಪಟಾಕಿ ಅಪ್ಪನನ್ನು ನೋಡುತ್ತಿದ್ದಳು. ಸ್ಪಷ್ಟವಾಗಿ ಹೇಳುವುದನ್ನು ಕಲಿಸುವ ಅವಳ ಹತ್ತಿರ ಇದಕ್ಕೆ ಒಂದು ವಾಕ್ಯ ಇದ್ದೀತು ಎಂದು ನಾನು ಪೆನ್ನು ಹಿಡಿದು ಕಾದೆ. ಅವಳು ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು.

ಅಕ್ಕ ಇನ್ನೂ ಅಲ್ಲೇ ನಿಂತಿದ್ದಾಳೆ, ಭಾವ ಏನಾದರೂ ಹೇಳಲಿ ಎಂದು.