ಬೋರಲೋ, ಅಂಗಾತವೋ

ಸರೋವರದ ಅಂಚಿನಲ್ಲಿ ಗಾಜಿನಷ್ಟು ತೆಳುವಾಗಿ ಹಿಮಗಡ್ಡೆ ಕಟ್ಟಿದ್ದನ್ನು ಕಂಡ ಮೇಲೆ ಲೆಂಪಿಗೆ ತಪ್ಪಿಸಿಕೊಳ್ಳಲು ಯಾವ ನೆಪವೂ ಉಳಿಯಲಿಲ್ಲ. ದೋಣಿಯನ್ನು ದಡಕ್ಕೆ ಎಳೆಯಲೇಬೇಕಿತ್ತು. ಬರ್ಚ್ ಮರಕ್ಕೆ ಕಟ್ಟಿದ ರಾಟೆಯನ್ನು ತಿರುಗಿಸಿ ತಿರುಗಿಸಿ ಎಳೆದಳು. ಗಂಡ ತೌನೊ ಬಕೆಟ್ಟು ಬೋರಲು ಹಾಕಿ ಕೂತು ಅಪ್ಪಣೆ ಕೊಡುತ್ತಿದ್ದ. ಲಕ್ವ ಹೊಡೆದು ಅವನ ಎಡಗೈ ಬಿದ್ದುಹೋಗಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಕೆಳಗಿನ ಹಲಗೆ ಬಿಟ್ಟೆ ನೋಡು."

"ಬಿಟ್ಟಿಲ್ಲ ಮಾರಾಯ, ಇನ್ನೂ ಅಲ್ಲಿಗೆ ಬಂದಿಲ್ಲ."

"ಹೋದ ವರ್ಷನೂ ಹೀಗೇ ಅಂದಿದ್ದೆ."

ಲೆಂಪಿ ಬ್ರಷ್ಷಿನಿಂದ ಪಾಚಿ ಕೆರೆದಳು. ತಣ್ಣೀರಿಗೆ ಬೆರಳುಗಳು ಮರಗಟ್ಟಿದ್ದವು, ಸೊಂಟ ಯಾವಾಗಲೋ ಸೋತಿತ್ತು. ಇದೆಲ್ಲ ಬರೀ ನಾಟಕ ಎಂಬುದು ಗೊತ್ತಿದ್ದರಿಂದ ಇನ್ನಷ್ಟು ಸುಸ್ತು. ಆ ಸರೋವರದ ದಡದ ಜನ ಹಳೇ ದೋಣಿಯನ್ನು ಮಾರುವುದಿಲ್ಲ, ಕಡಿದು ಸೌದೆಯನ್ನೂ ಮಾಡುವುದಿಲ್ಲ. ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ರಾತ್ರಿ ಬಂಡೆಯ ಮೇಲಿನ ಬೆಂಕಿಗೆ ಕೊಡುತ್ತಾರೆ. ಚಳಿಗಾಲಕ್ಕೆ ಬೋರಲು ಹಾಕಿದ ದೋಣಿ ವಸಂತದಲ್ಲಿ ಮತ್ತೆ ನೀರಿಗಿಳಿಯುತ್ತದೆ. ಅಂಗಾತ ಬಿಟ್ಟಿದ್ದರೆ ಅದರ ಕತೆ ಮುಗಿಯಿತೆಂದು ದಾರಿಹೋಕರಿಗೂ ತಿಳಿಯುತ್ತದೆ.

ಗಂಡನ ಕೈ ಬಿದ್ದ ಮೇಲೆ ಎರಡು ಬೇಸಿಗೆ ತಾನೇ ಹುಟ್ಟು ಹಾಕಿ ಸೋತ ಲೆಂಪಿ, ಈ ದೋಣಿಯನ್ನು ಬೆಂಕಿಗೆ ತೆಗೆದುಕೊಳ್ಳೆಂದು ಚರ್ಚಿನಲ್ಲಿ ಪ್ರಾರ್ಥನೆಯ ನಂತರದ ಕಾಫಿ ಹೊತ್ತಿನಲ್ಲಿ ನೆರೆಯ ಸುಲೊನ ಕಿವಿಯಲ್ಲಿ ಹೇಳಿದ್ದಳು. ತೌನೊಗೆ ಹೇಳಿರಲಿಲ್ಲ. ದಿನವೂ ಬೆಳಿಗ್ಗೆ ಮಾತು ಗಂಟಲಿಗೆ ಬರುತ್ತಿತ್ತು, ಕಾಫಿಯ ಜೊತೆ ಮತ್ತೆ ಒಳಗೇ ಇಳಿಯುತ್ತಿತ್ತು. ದೋಣಿ ಹೋದರೆ ಇವನೂ ಉಳಿಯಲಿಕ್ಕಿಲ್ಲ ಎಂದು ಅವಳಿಗೆ ಭಯ.

ನೀರು ಬಸಿಯಲೆಂದು ದೋಣಿಯ ತಳದಲ್ಲಿದ್ದ ತೂತಿನಿಂದ ಮರದ ಬಿರಡೆಯನ್ನು ಕಿತ್ತು, ಏಪ್ರನ್ನಿಗೆ ಒರೆಸಿ ಗಂಡನ ಬಲಗೈಗೆ ಕೊಟ್ಟಳು. ಪ್ರತಿ ಚಳಿಗಾಲ ಅದು ಅಡಿಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡಬೇಕು. ಬಿರಡೆ ಕಳೆದರೆ ವಸಂತದಲ್ಲಿ ದೋಣಿ ಬರೀ ಜರಡಿ.

ಅಷ್ಟರಲ್ಲಿ ಸುಲೊ ಟ್ರ್ಯಾಕ್ಟರ್ ಗುಡುಗಿಸಿಕೊಂಡು ಬಂದ. ಒಳ್ಳೆಯ ಮನುಷ್ಯ, ಆದರೆ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇಳಿದವನೇ ಕೈ ಉಜ್ಜುತ್ತಾ, "ಬೋರಲು ಹಾಕೋದಾ, ಅಂಗಾತ ಬಿಡೋದಾ?" ಎಂದು ಕೇಳಿಯೇಬಿಟ್ಟ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಲೆಂಪಿಯ ಬ್ರಷ್ಷು ನಿಂತಿತು.

"ಅಂಗಾತ ಬಿಡು," ಎಂದ ತೌನೊ. "ಬೆಂಕಿಗೆ ಹೋಗೋದನ್ನ ಮಗುಚಿ ಯಾಕೆ ಸೊಂಟ ಮುರ್ಕೋತೀಯ?"

"ನಿಂಗ್ಯಾರು ಹೇಳಿದ್ರು?" ಎಂದಳು ಲೆಂಪಿ.

"ಇವನ ಹತ್ರ ಹೇಳಿದ್ಯಲ್ಲ, ಇನ್ನು ಊರಿಗೆ ಡಂಗುರ ಬೇರೆ ಬೇಕಾ?"

ಸುಲೊ ಟ್ರ್ಯಾಕ್ಟರಿನ ಚಕ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಗೊತ್ತಿದ್ದೂ ಬೆಳಗಿಂದ ನನ್ನ ಕೈಲಿ ಉಜ್ಜಿಸ್ತಿದ್ದೀಯಲ್ಲೋ ಪಾಪಿ!"

"ಉಜ್ತಾ ಉಜ್ತಾ ಮನಸ್ಸು ಬದಲಾಯಿಸ್ತೀಯೇನೋ ಅಂದ್ಕೊಂಡೆ. ನಿಂಗೆ ನೀರಂದ್ರೆ ಪ್ರಾಣ ಅಂತಾನೇ ಅಲ್ವಾ ನಾನು ಎರಡು ಬೇಸಿಗೆ ಆ ಹಿಂದಿನ ಹಲಗೆ ಮೇಲೆ ನಡುಗ್ತಾ ಕೂತಿದ್ದು?"

"ನಂಗಾ? ನಿಂಗೋಸ್ಕರ ಕಣೋ ನಾನು ಹುಟ್ಟು ಹಾಕಿದ್ದು! ದೋಣಿ ಇಲ್ದಿದ್ರೆ ಸತ್ತೇಹೋಗ್ತೀಯ ಅಂತ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲೆಂಪಿ ದೋಣಿಯ ಅಂಚಿನ ಮೇಲೆ ಕುಸಿದು ಕೂತಳು. ಎರಡು ಬೇಸಿಗೆಯ ಆಯಾಸ ಒಟ್ಟಿಗೇ ಬಂದು ಹೆಗಲ ಮೇಲೆ ಕೂತಂತಾಯಿತು. ನಗು ಬಂತು, ಅದರ ಹಿಂದೆಯೇ ಅಳು.

"ಸಾಕಾಗಿದೆ ನಂಗೆ, ತೌನೊ."

"ನಂಗೂ. ಉಳಿದಿದ್ದನ್ನೂ ಉಜ್ಜಿಬಿಡು. ಅರ್ಧ ಕೊಳಕು ನೋಡೋಕಾಗಲ್ಲ," ಎಂದ.

ಲೆಂಪಿ ಬ್ರಷ್ಷನ್ನು ಸುಲೊನ ಕಡೆ ಎಸೆದಳು. ಅವನು ಚಕಾರ ಎತ್ತದೆ ಉಜ್ಜಿದ.

ಸಂಜೆ ಹಿಮ ಶುರುವಾಯಿತು. ಅಡಿಗೆಮನೆ ಕಿಟಕಿಯಿಂದ ದೋಣಿ ಕಾಣುತ್ತಿತ್ತು. ಅಂಗಾತ ಮಲಗಿ, ಬಿದ್ದ ಹಿಮವನ್ನೆಲ್ಲ ಒಳಗೆ ತುಂಬಿಕೊಳ್ಳುತ್ತಿತ್ತು. ಲೆಂಪಿ ಕಾಫಿ ಬಗ್ಗಿಸಿ ತಿರುಗಿದಳು. ತೌನೊ ಊರುಗೋಲು ಗೋಡೆಗೆ ಒರಗಿಸಿ, ತುದಿಗಾಲಲ್ಲಿ ನಿಂತು, ಒಂದೇ ಕೈಯಲ್ಲಿ ತಡಕಾಡುತ್ತಾ ಬಿರಡೆಯನ್ನು ಮೊಳೆಗೆ ಸಿಕ್ಕಿಸುತ್ತಿದ್ದ.

"ಅದನ್ಯಾಕೆ ಅಲ್ಲಿ ಹಾಕ್ತಿದ್ದೀಯ?"

ತೌನೊ ತಿರುಗಿ ನೋಡಲಿಲ್ಲ.

"ಕಳ್ದೋಗ್ಬಾರ್ದಲ್ಲ," ಎಂದ.